ಪ್ರಚಾರದ ಕೊನೆಯ ದಿನದ ಊಟ

ತೀರಿಕೊಂಡ ಭಾವ ಮುಂಡಪ್ಪನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಜಯಶೀಲ ದಾರ ಬಿಗಿಯುತ್ತಿದ್ದಾಗ ಹರಿಶ್ಚಂದ್ರ ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ಕೇಳಿದ: "ಅಡುಗೆ ಭಟ್ಟಿ ಹೊತ್ತಿಸಿದ್ದೀರಾ?"

ಮುಂಬಯಿ ಬಳಿಯ ಡೊಂಬಿವ್ಲಿಯ ಆ ಒಂಟಿ ಕೋಣೆಯಲ್ಲಿ ಹೆಣದ ಸುತ್ತ ಕೂತಿದ್ದವರೆಲ್ಲ ಅವನತ್ತ ತಿರುಗಿದರು. ಹರಿಶ್ಚಂದ್ರ ಊರ ಕಡೆಯವನೇ. ಈಗ ವಾರ್ಡಿನಲ್ಲಿ ಪಕ್ಷದ ಕೆಲಸ ನೋಡಿಕೊಳ್ಳುತ್ತಿದ್ದ. ಸಂಸದರು ತೀರಿಕೊಂಡು ಬಂದ ಉಪಚುನಾವಣೆ. ಪ್ರಚಾರಕ್ಕೆ ಅದೇ ಕೊನೆಯ ದಿನ. ಆರುನೂರು ಕಾರ್ಯಕರ್ತರ ಊಟದ ಆರ್ಡರು ಮುಂಡಪ್ಪನದು.

"ಹೆಣದ ಎದುರು ಎಂತ ಮಾತು ಮಾರಾಯಾ ಇದು?" ಎಂದ ಜಯಶೀಲ.

"ಸಾವು ಯಾರ ಕೈಲುಂಟು ಹೇಳಿ? ಆದ್ರೆ ಒಂದು ಗಂಟೆಗೆ ನಮ್ಮ ಅಭ್ಯರ್ಥಿ ಭಾವೂಸಾಹೇಬರು ಊಟದ ಹಾಲ್‌ಗೆ ಬರ್ತಾರೆ. ಟಿವಿಯವರೂ ಬರ್ತಾರೆ. ಅಡುಗೆಯ ಮೂವರನ್ನು ಈಗಲೇ ಕಳಿಸಿ. ನೀವು ಬೆಂಕಿ ಕೊಟ್ಟು ಸೀದಾ ಬನ್ನಿ, ಬಡಿಸ್ಲಿಕ್ಕೆ ಜನ ಬೇಕು."

ಚಟ್ಟಕ್ಕೆ ಹೆಗಲು ಕೊಡಲು ಬಂದಿದ್ದವರೇ ಆ ಮೂವರು. ನೆಲ ನೋಡುತ್ತಾ ಎದ್ದು ಹೋದರು.

*

ಮೂರು ತಿಂಗಳ ಹಿಂದೆ ಸಂಸದರ ಹದಿಮೂರನೇ ದಿನದ ಅಡುಗೆಯೂ ಮುಂಡಪ್ಪನದೇ. ಹಾಲ್‌ನೊಳಗೆ ಅವರ ಫೋಟೋದ ಮುಂದೆ ಭಜನೆ. ಹಿಂದೆ, ಒಲೆಗಳ ಬಳಿ, ನಾಲ್ವರು ಮುಂದಾಳುಗಳು ಟಿಕೆಟಿನ ಗುಟ್ಟು ಮಾತಾಡಿದರು. ಅಡುಗೆಯವನಿಗೆ ಕಿವಿಯೇ ಇಲ್ಲವೆಂಬಂತೆ. ಪಾಯಸ ಕುದಿಯುವಷ್ಟರಲ್ಲಿ ಭಾವೂಸಾಹೇಬರ ಹೆಸರು ಗಟ್ಟಿಯಾಗಿತ್ತು.

"ಸತ್ತವನಿಗೆ ಬಡಿಸುವ ಮುಂಚೆಯೇ ಎಲೆ ಎತ್ತಿದ್ರು," ಎಂದು ಮನೆಗೆ ಬಂದು ಹೇಳಿದ್ದ ಮುಂಡಪ್ಪ. ಆದರೂ ಪ್ರಚಾರದ ಆರ್ಡರು ಹಿಡಿದ. ಇಪ್ಪತ್ತಾರು ವರ್ಷ ಪರರ ಸಮಾರಂಭಗಳ ಹೊಗೆ ಕುಡಿದವನಿಗೆ ಬೇರೆ ಏನು ಗೊತ್ತು? ನಿನ್ನೆ ಸಂಜೆ ಎದೆ ಹಿಡಿದುಕೊಂಡಾಗಲೂ ಅವನದು ಒಂದೇ ಮಾತು: "ನಾಳಿನ ಊಟ ಮುಗೀಲಿ, ಮತ್ತೆ ಡಾಕ್ಟ್ರು."

*

"ನಾನು ಹೋಗುದಿಲ್ಲ ಅಕ್ಕಾ," ಎಂದ ಜಯಶೀಲ.

ಜಯಲತಾ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ. "ಹೋಗು. ನಿನ್ನ ಭಾವ ಆಗಿದ್ರೂ ಹೋಗ್ತಿದ್ರು. ಹಾಗೆ ಹೋಗಿ ಹೋಗಿಯೇ ಸತ್ತದ್ದು."

ಚಾಳಿನ ಅಕ್ಕಪಕ್ಕದ ಕೋಣೆಗಳ ರಿಕ್ಷಾದವರು ಹೆಗಲು ಕೊಟ್ಟರು. ಚಿತೆ ಹೊತ್ತಿಕೊಳ್ಳುವ ಹೊತ್ತಿಗೆ ಜಯಶೀಲನ ಫೋನು ಮೂರು ಸಲ ಬಡಿದುಕೊಂಡಿತ್ತು. ಸ್ಮಶಾನದಿಂದ ಅವನು ನೇರ ಪಕ್ಕದ ಕಲ್ಯಾಣ್ ಪೇಟೆಯ ಹಾಲ್‌ಗೆ ಬಂದ.

ಭಾವೂಸಾಹೇಬ ಕಾರ್ಯಕರ್ತರ ಪಂಕ್ತಿಯಲ್ಲೇ ನೆಲಕ್ಕೆ ಕೂತಿದ್ದ. ಎದುರು ಕ್ಯಾಮೆರಾ. ಹರಿಶ್ಚಂದ್ರ ಕಣ್ಸನ್ನೆ ಮಾಡಿದ. ಜಯಶೀಲ ದಾಲಿನ ಬಕೀಟು ಎತ್ತಿಕೊಂಡು ಬಡಿಸಿದ. ಒಂದು ತುತ್ತು ತಿಂದ ಭಾವೂಸಾಹೇಬ ಅವನ ಮೊಣಕೈ ಹಿಡಿದು ಕ್ಯಾಮೆರಾದತ್ತ ತಿರುಗಿಸಿದ.

"ಏಕ್ ನಂಬರ್! ನೋಡಿ, ಇವನೇ ಮುಂಡಪ್ಪ. ನನ್ನ ಹಳೇ ಮನುಷ್ಯ, ಮನೆಯವನಿದ್ದ ಹಾಗೆ," ಎಂದು ಮರಾಠಿಯಲ್ಲಿ ಹೇಳಿ ಇನ್ನೊಂದು ದೊಡ್ಡ ತುತ್ತು ಬಾಯಿಗೆ ತುರುಕಿಕೊಂಡ.

ಜಯಶೀಲ ಬಗ್ಗಿ ಮರಾಠಿಯಲ್ಲೇ, ಪಕ್ಕದವರಿಗೂ ಕೇಳುವಂತೆ ಹೇಳಿದ: "ಸಾಹೇಬ್, ಮುಂಡಪ್ಪನನ್ನು ಈಗಷ್ಟೇ ಸುಟ್ಟು ಬಂದೆ. ಸ್ನಾನ ಆಗಿಲ್ಲ."

ದವಡೆ ನಿಂತಿತು. ಪಂಕ್ತಿಯಲ್ಲಿ ಒಬ್ಬೊಬ್ಬರದೇ ಕೈ ನಿಂತಿತು. ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಭಾವೂಸಾಹೇಬ ನುಂಗಲೂ ಆಗದೆ, ಉಗುಳಲೂ ಆಗದೆ, ಉಬ್ಬಿದ ಕೆನ್ನೆಯಲ್ಲೇ ನಗಲು ನೋಡಿದ. ತುಟಿಯ ಅಂಚಿನಿಂದ ಹಳದಿ ದಾಲು ಬಿಳಿ ಕುರ್ತಾದ ಮೇಲೆ ಇಳಿಯುತ್ತಿತ್ತು.

ಜಯಶೀಲ ಮತ್ತೊಂದು ಸೌಟು ತುಂಬಿ ಅವನ ತಟ್ಟೆಯ ಮೇಲೆ ಹಿಡಿದು ನಿಂತ.