ಓಕ್ ತೊಲೆಯ ಟಕ್ ಟಕ್

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯ ಸರಿಯಾದ ಪಾಠ ‘ಹಾಸಿಗೆ ಇರುವಷ್ಟು ದಿನ ಕಾಲು ಚಾಚು’. ಅಲ್ಲ ಎನ್ನುವವರು ಆಂಬ್ರೋಸನನ್ನು ಕೇಳಲಿ. ಇದು ನಡೆದದ್ದೇ, ಇಂಗ್ಲೆಂಡಿನ ಸಫೋಕ್‌ನ ಆ ಮನೆ ಸಾಕ್ಷಿಗೆಂದು ಇನ್ನೂ ಸೊಟ್ಟಗೆ ನಿಂತಿದೆ.

ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಮಲಗಿದ ಆಂಬ್ರೋಸ್ ವಸಂತ ಬಂದರೂ ಎದ್ದಿರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಅವನ ಹೆಂಡತಿ ಟ್ಯಾಬಿತಾ ಈರುಳ್ಳಿ ಹೆಚ್ಚುತ್ತಿದ್ದಾಗ ನೆತ್ತಿಯ ಮೇಲಿನ ತೊಲೆ ಸದ್ದು ಮಾಡಿತು. ಟಕ್, ಟಕ್, ಟಕ್.

“ಕೇಳಿಸ್ತೇನೇ?” ಚಹಾ ಕುಡಿಯುತ್ತಿದ್ದ ನೆರೆಮನೆಯ ಕೆಜಾಯಾ ಪಿಸುಗುಟ್ಟಿದಳು. “ಮರದೊಳಗಿರೋ ಸಾವಿನ ಹುಳ ಕಣೇ. ಅದು ಬಡಿದ್ರೆ ಮನೇಲಿ ಒಬ್ರು ಹೊರಟ್ರು ಅಂತಲೇ. ನಮ್ಮೆಜಮಾನ್ರು ಹೋಗೋ ವಾರ ಹೀಗೇ ಬಡೀತಿತ್ತು.”

“ಬಾಯಿ ಮುಚ್ಚೇ ಮಾರಾಯ್ತಿ, ಚಹಾ ಆರ್ತಿದೆ!”

ಟ್ಯಾಬಿತಾ ಬೈದಳೇನೋ ಸರಿ, ಕಣ್ಣು ತೊಲೆಯನ್ನು ಬಿಡಲಿಲ್ಲ. ಆ ಮನೆಯ ಗೋಡೆ ಬರೀ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು. ಭಾರ ಹೊರುವುದೆಲ್ಲ ಓಕ್. ಕಂಬ, ತೊಲೆ, ಜಂತಿ, ಎಲ್ಲ ಮರದ ಗೂಟದಲ್ಲಿ ಬೆಸೆದ ಒಂದೇ ಅಸ್ಥಿಪಂಜರ. ಆ ಎಲುಬಿನೊಳಗೆ ಏನೋ ಕೂತು ಗಂಡನ ದಿನ ಎಣಿಸುತ್ತಿದೆ!

ಮೇಲೆ ಹೋದರೆ ಆಂಬ್ರೋಸನದು ಕ್ಷೀಣ ದನಿ: “ನಿಂಗೂ ಕೇಳಿಸ್ತಾ ಟ್ಯಾಬೀ? ಹೋಗೋಕ್ಮುಂಚೆ ಒಂಚೂರು ಬಿಸಿ ಕಸ್ಟರ್ಡ್...”

ಅಂದಿನಿಂದ ದಿನಾ ಟಕ್ ಟಕ್, ದಿನಾ ಕಸ್ಟರ್ಡ್. ಅವನು ಕಣ್ಣು ಮುಚ್ಚಿದರೆ ಸಾಕು, ಉಸಿರಿದೆಯೇ ಎಂದು ಅವಳು ಎದೆಯ ಮೇಲೆ ಕೈಯಿಟ್ಟು ನೋಡುವಳು.

ಒಂದು ಮಧ್ಯಾಹ್ನ, ಮಲಗಿದವನು ಏಳದಿರಲೆಂದು ಬೂಟು ಕಳಚಿ, ಹೊಗೆಗೂಡಿನ ಹಿಂದಿನ ಸುತ್ತುಮೆಟ್ಟಿಲು ಹತ್ತಿದಳು. ಅರ್ಧದಲ್ಲೇ ಟಕ್ ಟಕ್! ತುದಿಗಾಲಲ್ಲಿ ಮೇಲೇರಿದಳು. ಬಾಗಿಲ ಸಂದಿಯಲ್ಲಿ ಇಣುಕಿದರೆ, ಕೆನ್ನೆ ಕೆಂಪೇರಿದ ಆಂಬ್ರೋಸ್ ಕಂಬಕ್ಕೆ ಹೊಗೆಸೊಪ್ಪು ಸೇದುವ ಕೊಳವೆ ಬಡಿದು, ಕೆಳಗೆ ಕಸ್ಟರ್ಡ್‌ಗೆ ಮೊಟ್ಟೆ ಕದಡುವ ಸದ್ದು ಬರುವುದೇ ಎಂದು ಕಿವಿಯಾನಿಸಿದ್ದ.

ಅವನಿಗೆ ಬಾರಿಸಲೆಂದು ಎತ್ತಿದ ಕೈಯ ಬೆರಳಲ್ಲಿ, ಹೊಲಿಯುವಾಗ ಸೂಜಿ ಚುಚ್ಚದಂತೆ ಹಾಕುವ ಲೋಹದ ಟೊಪ್ಪಿಗೆಯಿತ್ತು. ಮೆಟ್ಟಿಲ ಕಂಬವೂ ಅದೇ ತೊಲೆಯ ನೆಂಟ, ಅದಕ್ಕೇ ಬಡಿದಳು. ಟಕ್, ಟಕ್, ಟಕ್.

ಕೊಳವೆ ಜಾರಿತು. “ಯಾ... ಯಾರದು?”

ಟಕ್.

“ಟ್ಯಾಬೀ! ನಿಜವಾದ್ದೇ ಬಂದ್ಬಿಡ್ತು ಕಣೇ!”

ಹಾರಿ ಎದ್ದವನು ತಗ್ಗಿನ ಬಾಗಿಲಿಗೆ ಹಣೆ ಚಚ್ಚಿಕೊಂಡು, ಅವಳನ್ನು ದಾಟಿ, ನಿಲುವಂಗಿಯಲ್ಲೇ ಧಡಧಡ ಇಳಿದು ಅಂಗಳ ಸೇರಿದ. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಕೆಜಾಯಾ ಕಿರುಚಿದಳು: “ಅಯ್ಯೋ, ಸಾಯೋನು ಓಡ್ತಿದ್ದಾನೆ!”

“ಹುಳಕ್ಕೂ ಕಸ್ಟರ್ಡ್ ಬೇಕಂತೆ ಕಣ್ರೀ!” ಟ್ಯಾಬಿತಾ ಮೇಲಿಂದಲೇ ಕೂಗಿ ಮೆಟ್ಟಿಲ ಮೇಲೆ ಕುಸಿದಳು. ಹೀಗೆ ಓಡುವವನು ಸಾಯುವುದಿಲ್ಲ. ಮೊದಲು ಬಂದದ್ದು ಬಿಕ್ಕು, ಬೆನ್ನಿಗೇ ನಗು. ಹಣೆ ಹಿಡಿದುಕೊಂಡು ಆಂಬ್ರೋಸ್ ನಕ್ಕ, ಕೆಜಾಯಾ ನಕ್ಕಳು. ಆದರೆ ಗೋಡೆಯ ಹಳೇ ಮಣ್ಣು ಉದುರಿದ್ದು ಟ್ಯಾಬಿತಾಳ ನಗುವಿಗೆ.