ಮುಂದಿನ ಗೇಟು

ಮತ್ತೆ ಅದೇ ಹುಡುಗರ ಬೈಕಿನ ಹಾರ್ನ್, ಬೆನ್ನಿಗೆ ಅಂಟಿಕೊಂಡೇ ಬರುತ್ತಿದೆ, ಹೊರಳಿ ನೋಡಬಾರದು, ನೋಡಿದರೆ ಗೆದ್ದೆವು ಅಂದುಕೊಳ್ಳುತ್ತಾರೆ, ಕಾಲೇಜಿನ ಮುಂದಿನ ಗೇಟಿನಿಂದ ಬ್ಯಾಡಗಿ ಬಸ್‌ಸ್ಟ್ಯಾಂಡಿಗೆ ಇದೊಂದೇ ನೆಟ್ಟನೆಯ ಓಣಿ, ಇದನ್ನು ಇವರಿಗೆ ಬಿಟ್ಟುಕೊಟ್ಟು ನಾವು ಹಿಂದಿನ ಗೇಟಿನಿಂದ ಗೋದಾಮುಗಳನ್ನೆಲ್ಲ ಸುತ್ತು ಹಾಕಿ ಹೋಗಬೇಕಂತೆ — ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ, ಹುಡುಗ್ಯಾರು ಹಿಂದಿನ ಗೇಟಿನಿಂದ ಹೋಗ್ರಿ, ಯಾಕ ಸುಮ್ನ ರಗಳೆ, ಅಂದರು ಪ್ರಿನ್ಸಿಪಾಲರು, ಆ ಹುಡುಗರಿಗೆ ಏನ್ ಹೇಳೀರಿ ಸರ್ ಅಂದೆ, ಕನ್ನಡಕ ಒರೆಸಿಕೊಂಡರು. ಸುತ್ತು ಹಾಕಿದರೆ ಮೋಟೆಬೆನ್ನೂರಿನ ಬಸ್ಸು ತಪ್ಪುತ್ತದೆ, ನಿನ್ನೆ ತಪ್ಪಿತು, ಅಪ್ಪ ಬಾಗಿಲಲ್ಲೇ ನಿಂತಿದ್ದ — ಕರಬಸಪ್ಪನ ಮಗಳು ಎಲ್ಲಿ ಅಡ್ಡಾಡಾಕತ್ತಾಳ ಅಂತ ಮಂದಿ ಕೇಳ್ತಾರ ಭುವನಾ, ಇನ್ನೊಮ್ಮೆ ತಡ ಆತಂದ್ರ ಕಾಲೇಜು ಬಂದ್ — ಅದಕ್ಕೇ ಇವತ್ತು ಮುಂದಿನ ಗೇಟಿನಿಂದಲೇ ಬಂದೆ, ವಾಚ್‌ಮನ್ ನಬಿಸಾಬ ಕಾಕಾ ಬ್ಯಾಡವಾ, ಬ್ಯಾಡವಾ ಅನ್ನುತ್ತಿದ್ದರೂ ಬಂದೆ, ಓಣಿಯೇನು ಇವರಪ್ಪನ ಆಸ್ತಿಯೇ?

ಬೈಕು ಅಡ್ಡ ಬಂದು ನಿಂತಿತು, ಇಬ್ಬರು, ಎಂಜಿನ್ ಬುಸುಗುಡುತ್ತಲೇ ಇದೆ, ಏನ್ ಸಿಟ್ಟಲೇ ಇಕಿಗೆ, ಹತ್ತು, ಬಸ್‌ಸ್ಟ್ಯಾಂಡಿಗೆ ಬಿಡ್ತೇವಿ — ಮುಂದಿನವನು ನನ್ನ ಬ್ಯಾಗಿನ ಪಟ್ಟಿ ಹಿಡಿದು ಎಳೆಯುತ್ತಾನೆ, ಇಲ್ಲ, ಇವರ ಮುಂದೆ ಅಳುವುದಿಲ್ಲ, ಸತ್ತರೂ ಇಲ್ಲ, ಒಂದೇ ಒಂದು ಹನಿ ಬಂತು, ಬೆರಳಿನಿಂದ ಉಜ್ಜಿಬಿಟ್ಟೆ — ಅಯ್ಯೋ, ಬೆಳಿಗ್ಗೆ ಅವ್ವನ ಜೊತೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ, ಎಷ್ಟು ತೊಳೆದರೂ ಖಾರ ಬಿಡದ ಕೈ, ಕೈ ಕಣ್ಣಿಗೆ ಹಚ್ಚಬ್ಯಾಡ ಅಂತ ಅವ್ವ ಅಂಬೆಗಾಲಿಡುವಾಗಲೇ ಕಲಿಸಿದ್ದಳು, ಇವತ್ತು ಮರೆತೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅನ್ನುವವರು ಒಮ್ಮೆ ಕಣ್ಣುಜ್ಜಿಕೊಂಡು ನೋಡಲಿ, ಉರಿ, ಬರೀ ಉರಿ, ನೀರು ಗದ್ದದವರೆಗೆ ಇಳಿಯುತ್ತಿದೆ, ಅಳಾಕತ್ತಾಳ ನೋಡಲೇ, ಹಿಂದಿನವನು ಕೇಕೆ ಹಾಕುತ್ತಾನೆ, ಅಳಾಕತ್ತಾಳ — ಆಯಿತಲ್ಲ, ನೀರು ಬಂದೇ ಬಂತಲ್ಲ, ಇನ್ನು ತಡೆಹಿಡಿಯಲು ಉಳಿದಿದ್ದೇನು, ಇನ್ಯಾವುದಕ್ಕೆ ಹೆದರಲಿ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದೆ, ಬೈಕಿನ ಚಾವಿ, ಕೈ ಹಾಕಿ ತಿರುವಿ ಕಿತ್ತುಕೊಂಡೆ. ಎಂಜಿನ್ ನಿಂತಿತು, ಓಣಿ ಇಷ್ಟು ಸುಮ್ಮನಿರಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಏ, ಚಾವಿ ಕೊಡ, ಅಂತ ಮುಂದಿನವನು ಕೈ ಚಾಚಿದ, ನನ್ನ ಬೆರಳುಗಳನ್ನು ಅವನ ಮುಖದ ಹತ್ತಿರವೇ ಹಿಡಿದೆ, ತೊಟ್ಟು ಬಿಡಿಸಿದ ಕೈ ಐತಿ, ಮುಟ್ಟಿ ನೋಡು ಅಂದೆ, ಥಟ್ಟನೆ ಹಿಂದೆ ಸರಿದ, ಈ ಊರಿನವನೇ ತಾನೆ, ಅವನ ಅವ್ವನೂ ಹೇಳಿಯೇ ಇರುತ್ತಾಳೆ. ಅಕ್ಕಾ, ತಪ್ಪಾತ್ರಿ, ಚಾವಿ ಕೊಡ್ರಿ — ಈಗ ಅಕ್ಕ, ಈಗ ರಿ! ಗಾಡಿ ದೂಡಿಕೊಂಡ ಬಾ, ಪ್ರಿನ್ಸಿಪಾಲರ ಮುಂದ ಕೊಡ್ತೇನಿ. ಮತ್ತೆ ಕಾಲೇಜಿನ ಗೇಟಿನ ಕಡೆ ಹೊರಟೆ, ಬಸ್ಸು ಹೋಗಲಿ, ಅಪ್ಪ ಕೇಳಲಿ, ನಡೆದದ್ದನ್ನೆಲ್ಲ ಹೇಳುತ್ತೇನೆ, ನಾಳೆಯೂ ಬರುತ್ತೇನೆ, ಬಂದ್ ಮಾಡುವುದಾದರೆ ಈ ಬೈಕು ಬಂದ್ ಮಾಡಲಿ, ನನ್ನ ಕಾಲೇಜಲ್ಲ — ಬೆನ್ನ ಹಿಂದೆ ಗಾಲಿ ಕಿರುಗುಡುತ್ತಿದೆ, ಕಣ್ಣು ಉರಿಯುತ್ತಿದೆ, ಮುಷ್ಟಿಯಲ್ಲಿ ಚಾವಿ, ಬಿಗಿ ಮುಷ್ಟಿಯಲ್ಲಿ ಚಾವಿ, ಚಾವಿ —