ಫೋಟೋದ ಅಂಚಿನಲ್ಲಿದ್ದ ಕೈ

ಕೊರಳಲ್ಲಿ ನೇತಾಡುತ್ತಿದ್ದ ಕಂಪನಿಯ ಕಾರ್ಡನ್ನು ಈರೇಶ್ ಕೊಂಡ್ಲಹಳ್ಳಿಯ ಮೊದಲ ಮನೆ ಕಾಣುತ್ತಲೇ ಕಳಚಿ ಜೇಬಿಗೆ ತುರುಕಿದ. ಯಾವ ಕಂಪನಿಯವನೆಂದು ಬಾಯಿ ಬಿಡಬೇಡ, ಬಿಟ್ಟರೆ ಜನ ಮುಖ ನೋಡಿ ಮಾತಾಡುತ್ತಾರೆ ಎಂದು ಚಳ್ಳಕೆರೆಯ ಶೋರೂಮಿನ ಮಾಲೀಕ ವಿಶ್ವನಾಥ್ ಹೇಳಿ ಕಳಿಸಿದ್ದರು. ಆ ಒಂದೇ ಬೀದಿಯಲ್ಲಿ ಹನ್ನೊಂದು ಲಗೇಜ್ ಆಟೋಗಳಿದ್ದವು. ಅವುಗಳಲ್ಲಿ ಹತ್ತು ಎದುರಾಳಿ ಕಂಪನಿಯವು. ಯಾಕೆ ಹಾಗೆ ಎಂದು ಕೇಳಿಕೊಂಡು ಬರಬೇಕಿತ್ತು.

ಕೇಳುವುದೇನು ಬಂತು, ಈರೇಶನಿಗೆ ಎಲ್ಲ ಗೊತ್ತೇ ಇತ್ತಲ್ಲ! ಹಿಂದಿನ ದಿನವೇ ಫ್ಯಾನಿನ ಕೆಳಗೆ ಕೂತು ಫಾರಂ ತುಂಬಿಬಿಟ್ಟಿದ್ದ. ಅವರ ಗಾಡಿಗೆ ಬೆಲೆ ಕಮ್ಮಿ, ಮೈಲೇಜ್ ಜಾಸ್ತಿ, ಹಳ್ಳಿ ಜನ ಒಬ್ಬರು ಕೊಂಡದ್ದನ್ನೇ ಎಲ್ಲರೂ ಕೊಳ್ಳುತ್ತಾರೆ. ಇನ್ನು ಸಹಿ ಹಾಕಿಸುವುದೊಂದೇ ಬಾಕಿ. ವರದಿ ಮೇಲಿನವರಿಗೆ ಹಿಡಿಸಿದರೆ ಮೊಳಕಾಲ್ಮುರಿನಲ್ಲಿ ತೆರೆಯುವ ಹೊಸ ಶೋರೂಮಿಗೆ ಅವನೇ ಮ್ಯಾನೇಜರ್. ಹೆಂಡತಿ ಶಾಂತಕುಮಾರಿ ಆಗಲೇ ಅಲ್ಲಿ ಬಾಡಿಗೆ ಮನೆ ನೋಡಿ ಬಂದಿದ್ದಳು.

ಆದರೆ ಬೇವಿನ ಮರದಡಿ ಕೂತಿದ್ದ ಡ್ರೈವರುಗಳು ಅವನ ಕಾರಣಗಳನ್ನು ಒಂದೊಂದಾಗಿ ಕೆಡವಿ ಹಾಕಿದರು. ಬೆಲೆ ನೋಡಿದರೆ ತಮ್ಮ ಗಾಡಿಗೇ ಎಂಟು ಸಾವಿರ ಹೆಚ್ಚಂತೆ. ಡೀಸೆಲ್ ಎರಡೂ ಒಂದೇ ಸಮ ಕುಡಿಯುತ್ತವಂತೆ. ಮೂರನೆಯ ಕಾರಣ ಕೇಳಿ, ಅವರಲ್ಲೇ ಹಿರಿಯನಾದ ದೊಡ್ಡೀರಪ್ಪ ನಕ್ಕುಬಿಟ್ಟ.

"ಈ ಬೀದಿಗೆ ಮೊದ್ಲು ಬಂದಿದ್ದೇ ಆ ಇನ್ನೊಂದು ಕಂಪನಿ ಗಾಡಿ ಕಣಪ್ಪ. ಒಬ್ರನ್ನ ನೋಡಿ ಒಬ್ರು ತಗಳಂಗಿದ್ರೆ ಎಲ್ಲಾರೂ ಅದನ್ನೇ ತಗಬೇಕಿತ್ತಲ್ಲ? ಆ ಗಾಡಿ ಪಾತಮ್ಮನ ಮನೇದು, ಅಲ್ಲಿಗೆ ಹೋಗು. ಕಾರಣ ಅಲ್ಲೈತೆ."

ಪಾತಮ್ಮ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಬಂದವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಅವನು ಸರ್ವೆಯವನು ಎಂದಷ್ಟೇ ಹೇಳಿಕೊಂಡ. ಅವಳು ಮೊರ ಸರಿಸಿ, ಒಳಗೆ ಕರೆದು ಚಾಪೆ ಹಾಸಿ, ಟೀ ಕಾಯಿಸಲು ಹೋದಳು.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ ಇತ್ತು. ಚಳ್ಳಕೆರೆ ಶೋರೂಮಿನ ಮುಂದೆ ಅವಳ ಮಗ ಓಬಳೇಶ್ ಮೊಳದುದ್ದದ ರಟ್ಟಿನ ಕೀಲಿಕೈ ಹಿಡಿದು ನಿಂತಿದ್ದ. ಬಲಗಡೆಯ ಅಂಚಿನಲ್ಲಿ, ಅದೇ ಕೀಲಿಕೈಯ ಇನ್ನೊಂದು ತುದಿಯ ಕೆಳಗೆ, ಹಸಿರು ಬಳೆ ತೊಟ್ಟ ಒಂದು ಕೈ ಮಾತ್ರ ಇತ್ತು. ಆ ಕೈಯವರು ಫೋಟೋದಲ್ಲಿರಲಿಲ್ಲ.

ಈರೇಶ್ ಎದ್ದು ಫೋಟೋದ ಹತ್ತಿರ ಹೋಗಿ ನೋಡಿದ. ಅದನ್ನು ತೆಗೆದವನು ಅವನೇ. ನಾಲ್ಕು ವರ್ಷದ ಹಿಂದೆ ಈಕೆ ತಲೆಗೆ ಎಣ್ಣೆ ಹಚ್ಚಿ, ಯಾರದೋ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ನಿನ್ನ ಹೆಸರೇನಪ್ಪ ಎಂದು ಕೇಳಿ ತಿಳಿದುಕೊಂಡು, ದೇವರು ಒಳ್ಳೆಯದು ಮಾಡಲಿ ಎಂದು ಹರಸಿದ್ದಳು ಕೂಡ. ಅವನೋ, ಓನರ್ ಫೋಟೋ ಅಜ್ಜಿ, ನೀನು ಆಚೆ ನಿಂತ್ಕೋ ಎಂದಿದ್ದ. ಓಬಳೇಶ್ ಏನೋ ಹೇಳಲು ಬಾಯಿ ತೆರೆದಾಗ, ಬೇಗ ಬೇಗ, ಹಿಂದೆ ಇನ್ನೂ ಎರಡು ಡೆಲಿವರಿ ಇದೆ ಎಂದು ಬಾಯಿ ಮುಚ್ಚಿಸಿದ್ದ.

"ಗಾಡಿ ಬಂಗಾರ ಕಣಪ್ಪ, ಒಂದಿನಾನೂ ದಾರೀಲಿ ನಿಂತಿಲ್ಲ," ಎನ್ನುತ್ತಾ ಪಾತಮ್ಮ ಟೀ ಲೋಟ ಕೊಟ್ಟಳು. "ಹನ್ನೆರಡು ವರ್ಷ ಕೂಲಿಗೆ ಹೋಗಿ ಶೇಂಗಾ ಕಿತ್ತು ತಗಂಡಿದ್ದು. ನನ್ನ ಹೆಸ್ರಲ್ಲೇ ಐತೆ. ಓನರ್ ನಾನೇಯ. ಆ ಕೈ ನಂದು."

ತಾನು ಯಾರಿಗೂ ಏನೂ ಹೇಳಲಿಲ್ಲ ಎಂದಳು. ಬಂದವರು ಫೋಟೋ ನೋಡಿದರು. ಆಮೇಲೆ ಗಾಡಿ ಕೊಂಡ ಮನೆಗಳ ಹೆಂಗಸರೂ ಇವಳಂತೆಯೇ ಕೂಲಿಗೆ ಹೋಗಿ ದುಡ್ಡು ಕೂಡಿಸಿದವರು. ಅವರೇ ಆ ಶೋರೂಮು ಬೇಡ ಎಂದರಂತೆ.

ನಾನೇ ಅದು, ತಪ್ಪಾಯ್ತು ಎನ್ನಲು ಅದೇ ಸಮಯ. ನಾಲಿಗೆ ತುದಿಗೂ ಬಂತು. ಕಣ್ಣ ಮುಂದೆ ಮೊಳಕಾಲ್ಮುರಿನ ಶೋರೂಮೂ ಬಂತು.

"ಆ ಫೋಟೋ ತೆಗ್ದ ಹುಡುಗ ಈಗ ಅಲ್ಲಿಲ್ಲ ಅವ್ವ. ಕೆಲ್ಸ ಬಿಟ್ಟು ಹೋದ," ಎಂದ ಈರೇಶ್.

ಸರ್ವೆಯವನಿಗೆ ಅದು ಹೇಗೆ ಗೊತ್ತು ಎಂದು ಪಾತಮ್ಮ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹೌದೇನಪ್ಪ ಎಂದಷ್ಟೇ ಅಂದು, ಸಹಿ ಎಲ್ಲಿ ಹಾಕಬೇಕು ಎಂದಳು. ನಿನ್ನೆಯೇ ತುಂಬಿದ್ದ ಫಾರಂ ಅವಳ ಮುಂದೆ ಹಿಡಿಯಲು ಅವನಿಗೆ ಮುಖವಿರಲಿಲ್ಲ. ಬೇಡ ಬಿಡವ್ವ ಎಂದು ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಹೇಗಾದರೂ ಬೀದಿ ದಾಟಿದರೆ ಸಾಕಾಗಿತ್ತು.

ಅಂಗಳಕ್ಕಿಳಿದಾಗ ಅವಳು ಮೊರ ಎತ್ತಿಕೊಂಡು ಹಿಂದೆಯೇ ಬಂದಳು. ಕೈಯೊಡ್ಡು ಎಂದಳು. ಅವನು ಫಾರಂ ಕಂಕುಳಲ್ಲಿ ಇರುಕಿಕೊಂಡು ಬೊಗಸೆ ಒಡ್ಡಿದ. ಸುಲಿದ ಶೇಂಗಾಬೀಜ ತುಂಬಿ ತುಳುಕುವಷ್ಟು ಸುರಿದಳು.

"ಬಿಸ್ಲೈತೆ. ದಾರೀಲಿ ತಿನ್ಕಂಡು ಹೋಗು, ಈರೇಶಪ್ಪ."

ಅವನು ಹೆಸರು ಹೇಳಿರಲಿಲ್ಲ. ಕಾರ್ಡು ಜೇಬಿನಲ್ಲೇ ಇತ್ತು. ಪಾತಮ್ಮ ಆಗಲೇ ಜಗಲಿಯ ಕಡೆ ತಿರುಗಿದ್ದಳು. ಕಂಕುಳಿನಿಂದ ಫಾರಂ ಜಾರಿ ಅಂಗಳದಲ್ಲಿ ಬಿತ್ತು. ಬಗ್ಗಿ ಎತ್ತಿಕೊಳ್ಳೋಣವೆಂದರೆ ಅವನ ಎರಡೂ ಕೈ ತುಂಬಿದ್ದವು.